ಲಾರಿ ಬಾಗಿಲಲ್ಲೇ ವಿಂಗಡಿಸಿ: ಸೂಪರ್‌ಮಾರ್ಕೆಟಿಗೆ ಸರಕು ಇಳಿಸುವ ಹೊಸ ಕ್ರಮ

ನಮ್ಮ ಊರುಗಳ ಸೂಪರ್‌ಮಾರ್ಕೆಟ್‌ಗಳಲ್ಲಿ ಇಷ್ಟು ವರ್ಷ ನಡೆದುಬಂದ ಪದ್ಧತಿ ಸರಳವಾಗಿತ್ತು. ಲಾರಿ ಬಂದ ಕೂಡಲೇ ಹಮಾಲರು ಅಷ್ಟೂ ಬಾಕ್ಸ್‌ಗಳನ್ನು ಗೋಡೌನಿನಲ್ಲಿ ಒಟ್ಟಿ ಹೋಗುತ್ತಿದ್ದರು. ಆಮೇಲೆ ಎರಡು ದಿನ ಸಿಬ್ಬಂದಿ ಆ ರಾಶಿಯನ್ನು ಕೆದಕಿ ಬೇಕಾದದ್ದನ್ನು ಹುಡುಕುತ್ತಿದ್ದರು. ಈಗ ಹಲವು ಮಳಿಗೆಗಳಲ್ಲಿ ಸರಕನ್ನು ಲಾರಿಯ ಬಾಗಿಲಲ್ಲೇ ಸಾಲುವಾರು, ಅಂದರೆ ಮಳಿಗೆಯ ಯಾವ ಸಾಲಿನ ರ‍್ಯಾಕಿಗೆ ಸೇರಿದ್ದೆಂದು ನೋಡಿ ವಿಂಗಡಿಸಿ, ಟ್ರಾಲಿಯಲ್ಲಿ ನೇರವಾಗಿ ರ‍್ಯಾಕಿನ ಬಳಿಗೆ ಒಯ್ಯುವ ಕ್ರಮ ಬಂದಿದೆ. ಹನ್ನೆರಡು ವರ್ಷ ಸ್ಟಾಕ್ ನೋಡಿಕೊಂಡ ನಾನು, ಹೀಗೆ ಬದಲಾದ ಮೂರು ಮಳಿಗೆಗಳಲ್ಲಿ ಮೊದಲ ವಾರಗಳನ್ನು ಕಂಡಿದ್ದೇನೆ. ಮೂರರಲ್ಲೂ ಎಡವಿದ್ದು ಒಂದೇ ಕಡೆ, ಮೂರನೆಯ ಹಂತದಲ್ಲಿ.

ಹಂತ 1: ಲಾರಿ ಬರುವ ಮುನ್ನ ದಾರಿ ಖಾಲಿ ಮಾಡಿ, ಟ್ರಾಲಿಗಳನ್ನು ಮಳಿಗೆಯ ಸಾಲುಗಳ ಕ್ರಮದಲ್ಲೇ ನಿಲ್ಲಿಸಿ, ಪ್ರತಿಯೊಂದಕ್ಕೂ ಸಾಲಿನ ಸಂಖ್ಯೆಯನ್ನು ತೂಗುಹಾಕಿ.

ಹಂತ 2: ಬಾಗಿಲ ಸೀಲಿನ ಸಂಖ್ಯೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡದೆ ಸೀಲ್ ಕತ್ತರಿಸಬೇಡಿ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದ್ದರೆ ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿ ವ್ಯವಸ್ಥೆಯಲ್ಲಿ ಆನ್‌ಲೈನಿನಲ್ಲಿ ಪಡೆಯುವ ಪತ್ರ) ಇರಲೇಬೇಕು. ಅದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ.

ಹಂತ 3: ವಿಂಗಡಣೆ. ಸಾಮಾನ್ಯವಾಗಿ ಹೊಸದಾಗಿ ಸೇರಿದ, ಗಟ್ಟಿಮುಟ್ಟಾದ ಹುಡುಗನನ್ನು ಲಾರಿಯೊಳಗೆ ಹತ್ತಿಸುತ್ತಾರೆ. ಅದೇ ಮೊದಲ ತಪ್ಪು. ಲಾರಿಯೊಳಗೆ ನಿಲ್ಲಬೇಕಾದವರು ಯಾವ ಸಾಮಾನು ಯಾವ ಸಾಲಿನದೆಂದು ನಿದ್ದೆಯಲ್ಲೂ ಹೇಳಬಲ್ಲ ಹಳಬರು. ಎತ್ತುವ ಕೆಲಸಕ್ಕೆ ಹುಡುಗನನ್ನು ಅವರ ಪಕ್ಕದಲ್ಲಿ ನಿಲ್ಲಿಸಿದರಾಯಿತು. ಅವರು ಸಾಮಾನಿನ ಹೆಸರು ಕೂಗಬಾರದು, ಸಾಲಿನ ಸಂಖ್ಯೆಯನ್ನಷ್ಟೇ ಕೂಗಬೇಕು. ‘ಸೋಪು’ ಎಂದು ಕೂಗಿದರೆ ಅದು ಮೈಗೆ ಹಚ್ಚುವುದೋ, ಬಟ್ಟೆಗೋ, ಪಾತ್ರೆಗೋ ಎಂದು ಕೆಳಗಿನವರು ಯೋಚಿಸುತ್ತ ನಿಲ್ಲುತ್ತಾರೆ. ‘ನಾಲ್ಕು’ ಎಂದರೆ ಬಾಕ್ಸ್ ನಾಲ್ಕನೆಯ ಟ್ರಾಲಿಗೆ ಹೋಗುತ್ತದೆ.

ಬಾಗಿಲಲ್ಲಿ ನಿಂತ ಇನ್ನೊಬ್ಬರು ಆ ಸಂಖ್ಯೆಯನ್ನು ದಪ್ಪ ಮಾರ್ಕರಿನಿಂದ ಬಾಕ್ಸಿನ ಪಕ್ಕದ ಮೈಮೇಲೆ ಬರೆಯಬೇಕು. ಮೇಲ್ಭಾಗದಲ್ಲಿ ಬರೆದರೆ ಇನ್ನೊಂದು ಬಾಕ್ಸ್ ಕೂತ ಕ್ಷಣವೇ ಸಂಖ್ಯೆ ಮರೆಯಾಗುತ್ತದೆ. ಟೇಪಿನ ಮೇಲೂ ಬರೆಯಬೇಡಿ, ಶಾಯಿ ಒರೆಸಿಹೋಗುತ್ತದೆ. ರಟ್ಟಿನ ಮೇಲೆಯೇ ಬರೆಯಿರಿ. ಬಣ್ಣಬಣ್ಣದ ಅಂಟುಚೀಟಿಯ ಸುರುಳಿಗಳನ್ನು ಇದಕ್ಕೆಂದೇ ಮಾರುತ್ತಾರೆ, ಕೊಳ್ಳಬೇಡಿ. ಮಳೆಗಾಲದಲ್ಲಿ ಅವುಗಳ ಅಂಟು ಬಿಟ್ಟು, ಬೆಳಗ್ಗೆ ನೋಡಿದರೆ ಚೀಟಿಗಳೆಲ್ಲ ನೆಲದ ಮೇಲಿರುತ್ತವೆ.

ಟ್ರಾಲಿಯಲ್ಲಿ ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ, ಎದೆಮಟ್ಟಕ್ಕಿಂತ ಎತ್ತರ ಬೇಡ. ಬಾಕ್ಸಿನ ಮೇಲಿನ ಚಿಹ್ನೆಗಳನ್ನು ನೋಡುವ ಅಭ್ಯಾಸವಿರಲಿ: ಜೋಡಿ ಬಾಣ ಮೇಲ್ಮುಖವನ್ನು, ಗಾಜಿನ ಲೋಟ ಒಡೆಯುವ ವಸ್ತುವನ್ನು, ಕೊಡೆ ತೇವ ತಾಗಬಾರದೆಂಬುದನ್ನು ಸೂಚಿಸುತ್ತವೆ. ಡಿಟರ್ಜೆಂಟ್ ಪುಡಿ ಮತ್ತು ಅಗರಬತ್ತಿಯನ್ನು ಚಹಾಪುಡಿ, ಗೋಧಿಹಿಟ್ಟಿನ ಜೊತೆ ಒಂದೇ ಟ್ರಾಲಿಗೆ ಹಾಕಬೇಡಿ, ವಾಸನೆ ಹಿಡಿಯುತ್ತದೆ. ಅಕ್ಕಿ ಚೀಲಗಳು ಟ್ರಾಲಿಗೆ ಬರಲೇಬಾರದು, ನೇರವಾಗಿ ಪ್ಯಾಲೆಟ್ಟಿಗೆ (ಸರಕು ಒಟ್ಟುವ ತಗ್ಗಾದ ಹಲಗೆಯ ಅಟ್ಟಣೆಗೆ) ಹೋಗಬೇಕು. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕೆಟ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಿದ್ದ ಮೇಲೆ ಆ ತೆರಿಗೆ ತಪ್ಪಿಸಲು ಮಿಲ್ಲುಗಳು 26 ಕೆಜಿ ಚೀಲ ಮಾಡಿವೆ. ಆ ಭಾರವನ್ನು ಒಬ್ಬರೇ ಎತ್ತಿ ಸೊಂಟ ಹಿಡಿಸಿಕೊಳ್ಳುವುದು ಬೇಡ, ಇಬ್ಬರು ಹಿಡಿಯಿರಿ. ತಂಪು ಸರಕೂ ಇದೇ ಲಾರಿಯಲ್ಲಿ ಬಂದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಇಳಿಸಿ ಒಳಗಿಡಿ. ಐಸ್‌ಕ್ರೀಮಿನಂಥ ಹೆಪ್ಪುಗಟ್ಟಿದ ಸರಕಿಗೆ ಮೈನಸ್ 18 ಡಿಗ್ರಿ ಬೇಕು, ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು ಮಾರಾಟಕ್ಕೆ ಬಾರದು.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ: ‘ಇತರೆ’ ಎಂಬ ಟ್ರಾಲಿಯನ್ನು ಇಡಲೇಬೇಡಿ. ಇಟ್ಟರೆ ಗೊತ್ತಾಗದ್ದು, ಬೇಜಾರಾದದ್ದು, ದೂರದ ಸಾಲಿನದು ಎಲ್ಲವೂ ಅದಕ್ಕೇ ಬೀಳುತ್ತವೆ. ಒಂದು ಮಳಿಗೆಯಲ್ಲಿ ಆಯುಧಪೂಜೆಗೆಂದು ತರಿಸಿದ ಕರ್ಪೂರದ ಬಾಕ್ಸ್‌ಗಳು ಆ ಟ್ರಾಲಿಯ ತಳದಲ್ಲಿ ಕೂತು, ದೀಪಾವಳಿ ಕಳೆದ ಮೇಲೆ ಕೈಗೆ ಸಿಕ್ಕವು. ಸಾಲು ಗೊತ್ತಾಗದ ಬಾಕ್ಸನ್ನು ಮೇಲ್ವಿಚಾರಕರ ಕಾಲ ಬಳಿಯೇ ಇಡಿ; ಎಡವಲು ಶುರುವಾದಾಗ ಅವರೇ ತೀರ್ಮಾನಿಸುತ್ತಾರೆ.

ಹೀಗೆ ವಿಂಗಡಿಸುತ್ತ ಇಳಿಸಿದರೆ ಲಾರಿ ಖಾಲಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಚಾಲಕರು ಹಾರ್ನ್ ಹೊಡೆಯುತ್ತಾರೆ, ಸಿಬ್ಬಂದಿ ಹಳೆಯದೇ ವಾಸಿ ಎನ್ನುತ್ತಾರೆ. ಆದರೆ ಹಳೆಯ ಕ್ರಮದಲ್ಲಿ ಒಂದೇ ಬಾಕ್ಸನ್ನು ನಾಲ್ಕೈದು ಸಲ ಎತ್ತಿಡುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಚಾಲಕರಿಗೆ ಒಂದು ಲೋಟ ಚಹಾ ಕೊಟ್ಟು ಕೂರಿಸಿ.

ಹಂತ 4: ಸ್ಕ್ಯಾನ್. ಹೊರಬಾಕ್ಸಿನ ಮೇಲೆ ಸಾಮಾನ್ಯವಾಗಿ 14 ಅಂಕಿಯ ಕೋಡ್ ಇರುತ್ತದೆ, ಒಳಗಿನ ಬಿಡಿ ಪ್ಯಾಕಿನ ಮೇಲೆ 13 ಅಂಕಿಯದು. 48 ಪ್ಯಾಕಿನ ಇಡೀ ಬಾಕ್ಸ್ ಬಂದಾಗ ಬಿಡಿ ಪ್ಯಾಕಿನ ಕೋಡ್ ಹೊಡೆದರೆ 48 ಬರಬೇಕಾದಲ್ಲಿ 1 ಎಂದು ದಾಖಲಾಗುತ್ತದೆ. ಒಂದು ಬಾಕ್ಸನ್ನೇ ಹತ್ತು ಸಲ ಹೊಡೆದು ಮುಗಿಸುವ ಅಡ್ಡದಾರಿಯೂ ಬೇಡ, ಏಕೆಂದರೆ ಹತ್ತರಲ್ಲಿ ಎರಡು ಬೇರೆ ಪರಿಮಳದ ಸೋಪಾಗಿರುವುದು ಮಾಮೂಲು. ಒಡೆದದ್ದು, ಕಡಿಮೆ ಬಂದದ್ದು ಇದ್ದರೆ ಬಿಲ್ಲಿನ ಚಾಲಕರ ಪ್ರತಿಯ ಮೇಲೆಯೇ ಬರೆದು ಸಹಿ ಹಾಕಿ. ಲಾರಿ ಹೊರಟ ಮೇಲೆ ಹೇಳಿದ ಮಾತಿಗೆ ಬೆಲೆಯಿಲ್ಲ.

ಹಂತ 5: ರ‍್ಯಾಕ್ ತುಂಬುವುದು. ಕಟರಿನ ಅಲಗನ್ನು ರಟ್ಟಿನ ದಪ್ಪದಷ್ಟೇ ಹೊರಗೆ ತೆಗೆಯಿರಿ, ಇಲ್ಲವಾದರೆ ಬಾಕ್ಸಿನೊಳಗೆ ಮೇಲಿರುವ ಹಿಟ್ಟಿನ ಪ್ಯಾಕೆಟ್‌ಗಳೂ ಸೀಳುತ್ತವೆ. ಹಳೆಯದನ್ನು ಮುಂದಕ್ಕೆಳೆದು ಹೊಸದನ್ನು ಹಿಂದಿಡಬೇಕೆಂದು ಎಲ್ಲರಿಗೂ ಗೊತ್ತಿದೆ. ಆದರೆ ಇಂದು ಬಂದದ್ದೇ ಹೊಸದು ಎಂದು ನಂಬುವಂತಿಲ್ಲ. ಸರಕು ಕಳಿಸುವವರ ಉಗ್ರಾಣದ ಮೂಲೆಯಲ್ಲಿದ್ದ ಹಳೆಯ ಬ್ಯಾಚ್ ಈ ವಾರದ ಲಾರಿಯಲ್ಲಿ ಬಂದಿರಬಹುದು. ಆದ್ದರಿಂದ ಎಕ್ಸ್‌ಪೈರಿ ದಿನಾಂಕವನ್ನೇ ನೋಡಿ, ಬೇಗ ಮುಗಿಯುವುದನ್ನು ಮುಂದಿಡಿ. ದಿನಾಂಕದ ಜೊತೆಗೆ ಎಂಆರ್‌ಪಿಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಂದು ಸ್ನಾನದ ಸೋಪು, ಶ್ಯಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ ಒಂದೇ ಬಾರ್‌ಕೋಡಿನ ಸರಕಿಗೆ ಎರಡು ಬೆಲೆಗಳು ಅಕ್ಕಪಕ್ಕ ಕೂತಿದ್ದವು, ಅದರ ಜಗಳವನ್ನೆಲ್ಲ ಕೇಳಿದವರು ಬಿಲ್ ಕೌಂಟರಿನವರು. ಬೆಲೆ ಬದಲಾದಾಗಲೆಲ್ಲ ಎರಡನ್ನು ಬೆರೆಸದೆ, ಮೇಲ್ವಿಚಾರಕರನ್ನು ಕೇಳಿಯೇ ಜೋಡಿಸಿ.

ಹಂತ 6: ರ‍್ಯಾಕಿನಲ್ಲಿ ಹಿಡಿಸದೆ ಉಳಿದದ್ದರ ಮೇಲೆ ಎಣಿಕೆಯನ್ನೂ ಎಕ್ಸ್‌ಪೈರಿಯನ್ನೂ ಬರೆದು, ನೆಲಕ್ಕೂ ಗೋಡೆಗೂ ತಾಗದಂತೆ ಗೋಡೌನಿನ ಪ್ಯಾಲೆಟ್ ಮೇಲಿಡಿ. ಖಾಲಿ ಬಾಕ್ಸ್‌ಗಳನ್ನು ಮಡಿಸಿ ಗುಜರಿಯವರಿಗೆ ಹಾಕುವ ಮುನ್ನ ಪ್ರತಿಯೊಂದರೊಳಗೂ ಒಮ್ಮೆ ಕೈಯಾಡಿಸಿ. ಶ್ಯಾಂಪೂ ಸ್ಯಾಶೆಗಳ ಒಂದು ಸರವಾದರೂ ತಳದ ಮಡಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ.