ಕೆಳಗಿನ ಬೀದಿ ಮುಳುಗದಿರಲು ಮೇಲಿನ ಬೀದಿಯ ಕೆಲಸ

ಬೆಂಗಳೂರು ದಿಬ್ಬದ ಮೇಲಿನ ಊರು. ಬಿದ್ದ ಮಳೆಯೆಲ್ಲ ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನವರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದಾಗ ಬೈಗುಳವೆಲ್ಲ ಮಳೆನೀರು ಸಾಗಿಸುವ ದೊಡ್ಡ ಕಾಲುವೆಗಳ, ಅಂದರೆ ರಾಜಕಾಲುವೆಗಳ, ಒತ್ತುವರಿಗೆ ಬಿತ್ತು. ಅದು ಸರಿಯೇ. ಆದರೆ ಅಷ್ಟೂ ನೀರನ್ನು ಒಂದೇ ಗಳಿಗೆಯಲ್ಲಿ ಕಾಲುವೆಗೆ ತಂದು ಸುರಿಯುವುದು ಮೇಲಿನ ಬಡಾವಣೆಗಳ ತಾರಸಿ, ಸಿಮೆಂಟಿನ ಅಂಗಳ. ಅಲ್ಲಿಯ ಕೆಲಸ ಏಪ್ರಿಲ್‌ನಲ್ಲೇ ಶುರುವಾಗಬೇಕು.

ಮೊದಲು ಲೆಕ್ಕ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಐದು ಎಕರೆ ಬಡಾವಣೆಯ ಮೇಲೆ ಗಂಟೆಗೆ 60 ಮಿ.ಮೀ. ರಭಸದಲ್ಲಿ ಸುರಿದು ನೂರಕ್ಕೆ 80 ಭಾಗ ಹರಿದರೆ, ಎಲ್ಲವೂ ಸೇರುವ ಕೊನೆಯ ಚರಂಡಿಗೆ ಸೆಕೆಂಡಿಗೆ ಸುಮಾರು 270 ಲೀಟರ್ ಬರುತ್ತದೆ. ಎರಡಡಿ ಅಗಲ, ಎರಡಡಿ ಆಳ, 200 ಅಡಿಗೆ ಒಂದಡಿ ಇಳಿಜಾರು ಇರುವ ಕಾಂಕ್ರೀಟ್ ಚರಂಡಿ ಸುಮಾರು 580 ಲೀಟರ್ ಸಾಗಿಸಬಲ್ಲದು. ಧಾರಾಳವಾಯಿತು. ಅದರಲ್ಲೇ ಒಂದಡಿ ಹೂಳು ಕೂತಿದ್ದರೆ? ಅರ್ಧ ಅಲ್ಲ, ಅರ್ಧಕ್ಕಿಂತ ಕಡಿಮೆ: 240 ಲೀಟರ್. ಜಾಗ ಕುಗ್ಗುವುದಲ್ಲದೆ ತಳ, ಗೋಡೆಗಳಿಗೆ ಉಜ್ಜಿಕೊಂಡು ನೀರಿನ ವೇಗವೂ ತಗ್ಗುತ್ತದೆ. ಉಳಿದ 30 ಲೀಟರ್ ರಸ್ತೆಗೆ.

ಹೂಳೆತ್ತುವುದನ್ನು ಚರಂಡಿ ರಾಜಕಾಲುವೆ ಸೇರುವ ಬಾಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಮೇಲೆ ಬಿಡಿಸಿ ಕೆಳಗೆ ಬಿಟ್ಟರೆ ಕಸವೆಲ್ಲ ಕೆಳಗಿನ ಮೋರಿಗೆ ಹೋಗಿ ಕೂರುತ್ತದೆ. ಪೈಪು, ಕೇಬಲ್ ಅಡ್ಡ ಹಾಯ್ದಿರುವಲ್ಲಿ ಚಪ್ಪಡಿ ಎತ್ತಿಸಿ ನೋಡಲೇಬೇಕು. ಒಂದು ಹಾಲಿನ ಕವರ್ ಸಿಕ್ಕಿಕೊಂಡಿರುತ್ತದೆ, ಅದರ ಹಿಂದೆ ತೆಂಗಿನ ಗರಿ, ಥರ್ಮೋಕೋಲ್, ಮಣ್ಣು. ಪುಟ್ಟ ಅಣೆಕಟ್ಟೇ ಸರಿ. ಕೊಳಚೆ ಬೆರೆತಿದ್ದರೆ ಜನರನ್ನು ಇಳಿಸುವಂತಿಲ್ಲ, ಯಂತ್ರವೇ ಬರಬೇಕು. ತೆಗೆದ ಹೂಳನ್ನು ದಂಡೆಯ ಮೇಲೆ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಅದು ಮತ್ತೆ ಒಳಗೆ. ಸಾಗಿಸುವ ಗಾಡಿ ಗೊತ್ತಾದ ಮೇಲೇ ಚಪ್ಪಡಿ ಎತ್ತಿಸಿ.

ಇನ್ನು ಇಂಗುಬಾವಿ, ಅಂದರೆ ತಾರಸಿಯ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ. 1,200 ಚದರಡಿ ನಿವೇಶನದಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರು ಸಂಗ್ರಹ 2009ರಿಂದಲೇ ಕಡ್ಡಾಯ. ಆದರೂ ಎಷ್ಟೋ ಮನೆಗಳ ಪೈಪಿನ ತುದಿ ಇರುವುದು ಬೀದಿಯಲ್ಲಿ. 80 ಚದರ ಮೀಟರ್ ತಾರಸಿಯಿಂದ ಆ ಒಂದು ಗಂಟೆಯ ಮಳೆಗೆ ಸುಮಾರು 4,300 ಲೀಟರ್ ಇಳಿಯುತ್ತದೆ. ಮೂರಡಿ ವ್ಯಾಸ, ಇಪ್ಪತ್ತಡಿ ಆಳದ ಬಾವಿ 4,000 ಲೀಟರ್ ಹಿಡಿಯುತ್ತದೆ. ಬಡಾವಣೆಯ 80 ಮನೆ ಹೀಗೆ ಮಾಡಿದರೆ ಚರಂಡಿಯ ಹೊರೆ ಸೆಕೆಂಡಿಗೆ 270 ಲೀಟರಿನಿಂದ 170ರ ಆಸುಪಾಸಿಗೆ ಬರುತ್ತದೆ.

ಹತ್ತಡಿ ತೋಡುವಷ್ಟರಲ್ಲೇ ನೀರು ಜಿನುಗಿದರೆ ಅಲ್ಲಿಗೆ ನಿಲ್ಲಿಸಿ. ಹಳೆಯ ಕೆರೆಯಂಗಳದಲ್ಲಿ ನೀರು ಇಂಗಲು ಜಾಗವೇ ಇರುವುದಿಲ್ಲ. ಸಿಮೆಂಟ್ ರಿಂಗುಗಳಲ್ಲಿ ತೂತು ಇರಲಿ, ನಡುವೆ ಗಾರೆ ಮೆತ್ತಬೇಡಿ. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ 40 ಎಂ.ಎಂ. ಜಲ್ಲಿ. ಬಾವಿಯ ಒಳಗೆ ಮಾತ್ರ ಕಲ್ಲು ತುಂಬಬೇಡಿ: 4,000 ಲೀಟರಿನ ಜಾಗ 1,600ಕ್ಕೆ ಇಳಿಯುತ್ತದೆ, ಹೂಳು ತೆಗೆಯಲೂ ಆಗದು. ಬಾವಿಗೆ ಮುನ್ನ ಎರಡಡಿ ಘನದ ತೊಟ್ಟಿ ಕಟ್ಟಿಸಿ, ಹೊರಹೋಗುವ ಪೈಪನ್ನು ತಳದಿಂದ ಒಂದಡಿ ಮೇಲಿಡಿ; ಮಣ್ಣು ಅಲ್ಲೇ ಕೂರುತ್ತದೆ. ತುಂಬಿದ ಮೇಲಿನ ನೀರಿಗೆ ಚರಂಡಿಗೊಂದು ದಾರಿ, ಬಾಯಿಗೆ ಗಟ್ಟಿ ಮುಚ್ಚಳ.

ತಾರಸಿ ಪೈಪನ್ನು ಒಳಚರಂಡಿಯ ಮ್ಯಾನ್‌ಹೋಲಿಗೆ ಕೊಡುವ ಅಭ್ಯಾಸವಂತೂ ಬಿಡಬೇಕು. ಆ ಪೈಪು ಮಳೆಗಾಗಿ ಹಾಕಿದ್ದಲ್ಲ. ತುಂಬಿದಾಗ ತಗ್ಗಿನ ಮನೆಯ ಶೌಚಾಲಯದಲ್ಲಿ ಉಕ್ಕುತ್ತದೆ. ತಗ್ಗಿನ ಮನೆಯವರು ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಳ್ಳಲಿ.

ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಹೊರಡಿ. ರಸ್ತೆಯಲ್ಲಿ ನೀರು ನಿಂತು ಚರಂಡಿ ಖಾಲಿಯಿದ್ದರೆ ದೋಷ ರಸ್ತೆಬದಿಯ ಜಾಲರಿಯದು. ಎಲೆಯೋ ಹೊಸ ಡಾಂಬರೋ ಮುಚ್ಚಿರುತ್ತದೆ. ಚರಂಡಿಯೂ ತುಂಬಿದ್ದರೆ ಕೆಳಗಿನ ಮೋರಿ ನೋಡಿ. ರಾಜಕಾಲುವೆಯೇ ತುಂಬಿ ಹಿಂದಕ್ಕೆ ಒತ್ತುತ್ತಿದ್ದರೆ ಆ ಹೊತ್ತಿಗೆ ಬೀದಿಯಲ್ಲಿ ಮಾಡುವುದೇನಿಲ್ಲ. ನೀರು ಒಳಗೆ ಬರುವ ಮುನ್ನ ಕೆಳಮಹಡಿಯ ಮೇನ್ ಸ್ವಿಚ್ ಆರಿಸಿ.