ಚಳಿಗಾಲದ ಒಳಾಂಗಣ ಗಿಡಗಳು: ಬೆಳಕಿನ ಲೆಕ್ಕ ಸರಿಮಾಡಿದ ನನ್ನ ಅನುಭವ

ಚಳಿಗಾಲದಲ್ಲಿ ಮನೆಯೊಳಗಿನ ಗಿಡಗಳು ಸೊರಗುವುದು ಸಹಜ, ಚಳಿ ಕಳೆಯುವವರೆಗೆ ಅವುಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಬೇಕು ಎಂದು ನನಗೆ ಬುದ್ಧಿ ಹೇಳಿದವರೇ ಹೆಚ್ಚು. ದೀಪ ಹಾಕಿ ಗಿಡ ಉಳಿಸುತ್ತೇನೆ ಎಂದಾಗ ನಕ್ಕವರೂ ಇದ್ದರು. ಈಚಿನ ಚಳಿಗಾಲಗಳಲ್ಲಿ ನನ್ನ ಕ್ಯಾಲಥಿಯಾಗಳು ಹೊಸ ಎಲೆ ಬಿಚ್ಚಿವೆ, ಫಿಕಸ್ ಎಲೆ ಉದುರಿಸಿಲ್ಲ, ಬೇರು ಕೊಳೆತು ಹೋದ ಕುಂಡ ಒಂದೂ ಇಲ್ಲ. ಆದ್ದರಿಂದ ಮಾಡಿದ್ದನ್ನು ಬರೆದಿಡುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ.

ಎಲ್ಲರೂ ಮೊದಲು ದೂರುವುದು ಒಣಗಾಳಿಯನ್ನು. ಅದರಲ್ಲಿ ಸುಳ್ಳೇನೂ ಇಲ್ಲ. ಹೊರಗಿನ ಸೊನ್ನೆ ಡಿಗ್ರಿಯ ಗಾಳಿ ಎಷ್ಟೇ ತೇವವಾಗಿದ್ದರೂ ಒಳಗೆ ಬಂದು 20 ಡಿಗ್ರಿಗೆ ಕಾದಾಗ ಅದರ ಆರ್ದ್ರತೆ ಶೇಕಡಾ 25ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ನಾನೂ ಗಾಳಿಗೆ ತೇವ ಸೇರಿಸುವ ಯಂತ್ರ, ಹ್ಯುಮಿಡಿಫೈಯರ್, ಕೊಂಡೆ. ಅದಕ್ಕೆ ತೆತ್ತ ಹಣದಲ್ಲಿ ಅದು ಕಾಪಾಡಬೇಕಿದ್ದ ಗಿಡಗಳನ್ನೆಲ್ಲ ಹೊಸದಾಗಿ ಕೊಳ್ಳಬಹುದಿತ್ತು. ಆರ್ದ್ರತೆ 50ರವರೆಗೆ ಏರಿತು, ಆದರೆ ಬುಡದ ಎಲೆಗಳು ಹಳದಿಯಾಗಿ ಉದುರುವುದು ನಿಲ್ಲಲಿಲ್ಲ. ಮೇಲಾಗಿ ಗಡಸು ನೀರಿನ ಲವಣವೆಲ್ಲ ಎಲೆಗಳ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯಾಗಿ ಕುಳಿತಿತು, ತಣ್ಣನೆಯ ಕಿಟಕಿ ಗಾಜಿನಿಂದ ನೀರಿಳಿದು ಚೌಕಟ್ಟಿಗೆ ಬೂಸ್ಟು ಹಿಡಿಯಿತು. ಎಲೆಗೆ ನೀರು ಚಿಮುಕಿಸುವುದು, ಕುಂಡದಡಿ ಹರಳು ತುಂಬಿದ ತಟ್ಟೆ ಇಡುವುದು ಇವೆರಡನ್ನೂ ಮಾಪಕವಿಟ್ಟು ನೋಡಿದ್ದೇನೆ. ಚಿಮುಕಿಸಿದ ನೀರು ನಿಮಿಷಗಳಲ್ಲಿ ಆರುತ್ತದೆ. ತಟ್ಟೆಯಿಂದ ಆರ್ದ್ರತೆಯಲ್ಲಾದ ವ್ಯತ್ಯಾಸ ಶೇಕಡಾ ಎರಡು ಮೂರನ್ನು ದಾಟಲಿಲ್ಲ.

ಲೆಕ್ಕ ತಪ್ಪುತ್ತಿದ್ದದ್ದು ಬೆಳಕಿನಲ್ಲಿ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಮಂದ ಬೆಳಕಿಗೂ ಹೊಂದಿಕೊಳ್ಳುವುದರಿಂದ ಕೋಣೆ ಬೆಳಗಿದಂತೆಯೇ ಕಾಣುತ್ತದೆ, ಎಲೆಗೆ ಆ ಅನುಕೂಲವಿಲ್ಲ. ಬೆಳಕಿನ ತೀವ್ರತೆಯನ್ನು ಲಕ್ಸ್ ಎಂಬ ಏಕಮಾನದಲ್ಲಿ ತೋರಿಸುವ ಫೋನಿನ ಮಾಪಕದಲ್ಲಿ, ಅದು ಅಂದಾಜೇ ಇರಲಿ, ಬೇಸಿಗೆಯ ಮಧ್ಯಾಹ್ನ ಕಿಟಕಿಯ ಬಳಿ ಹತ್ತು ಸಾವಿರದಷ್ಟು ಇದ್ದದ್ದು ಮೋಡ ಕವಿದ ಚಳಿಗಾಲದಲ್ಲಿ ಸಾವಿರದೈನೂರಕ್ಕೆ ಇಳಿದಿತ್ತು. ಎರಡು ಮೀಟರ್ ಒಳಗೆ ಇನ್ನೂರೂ ಇರಲಿಲ್ಲ. ಹಗಲು ಗಿಡ್ಡವಾಗುವುದು ಬೇರೆ. ಆ ಬೆಳಕಿನಲ್ಲಿ ಗಿಡ ತಯಾರಿಸುವ ಆಹಾರ ಅದರ ಉಸಿರಾಟಕ್ಕೇ ಸಾಲದು. ಇದರ ಮೇಲೆ ಹೀಟರ್ ಹಾಕಿ ಕೋಣೆಯನ್ನು 24 ಡಿಗ್ರಿಗೆ ಏರಿಸಿದರೆ ಉಸಿರಾಟದ ಖರ್ಚು ಹೆಚ್ಚುತ್ತದೆ, ಆದಾಯ ಅಷ್ಟೇ ಇರುತ್ತದೆ. ಬೆಚ್ಚನೆಯ ಕತ್ತಲ ಮೂಲೆಯ ಗಿಡ ತಂಪಾದ ಕತ್ತಲ ಮೂಲೆಯ ಗಿಡಕ್ಕಿಂತ ಬೇಗ ಸೊರಗುವುದನ್ನು ನಾನು ಪಕ್ಕಪಕ್ಕದ ಕೋಣೆಗಳಲ್ಲೇ ಕಂಡೆ.

ದೀಪದ ವಿಷಯದಲ್ಲೂ ಮೊದಲ ಹಣ ನೀರುಪಾಲಾಯಿತು. ನೇರಳೆ ಬಣ್ಣದ ಗಿಡದೀಪಗಳು ಕೆಲಸ ಮಾಡುವುದಿಲ್ಲವೆಂದಲ್ಲ. ಆ ಬಣ್ಣದಲ್ಲಿ ಎಲೆ ಹಳದಿಯಾದದ್ದಾಗಲಿ ನುಸಿ ಹತ್ತಿದ್ದಾಗಲಿ ಕಣ್ಣಿಗೆ ಬೀಳುವುದಿಲ್ಲ. ಈಗಿರುವುದು 25 ವ್ಯಾಟ್‌ನ ಬಿಳಿ ಎಲ್ಇಡಿ ಪಟ್ಟಿಗಳು, ಎಲೆಯ ತುದಿಯಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ಟೈಮರ್ ಮೂಲಕ ದಿನಕ್ಕೆ 13 ಗಂಟೆ. ಎಲೆಯ ಮಟ್ಟದಲ್ಲಿ ಆರೇಳು ಸಾವಿರ ಲಕ್ಸ್ ಸಿಗುತ್ತದೆ. ಒಂದು ಪಟ್ಟಿಗೆ ತಿಂಗಳಿಗೆ ಹತ್ತು ಯೂನಿಟ್‌ನಷ್ಟು ವಿದ್ಯುತ್ ಹಿಡಿಯುತ್ತದೆ, ಆದರೆ ಗಿಡಗಳ ಕೋಣೆಯ ಹೀಟರನ್ನು 18 ಡಿಗ್ರಿಗೆ ಇಳಿಸಿದ್ದರಿಂದ ಉಳಿದದ್ದು ಅದಕ್ಕಿಂತ ಹೆಚ್ಚು. ಹ್ಯುಮಿಡಿಫೈಯರನ್ನು ಅರ್ಧ ಬೆಲೆಗೆ ಮಾರಿ ಇನ್ನೊಂದು ಪಟ್ಟಿ ಕೊಂಡೆ.

ಬೆಳಕು ಸರಿಹೋದ ಮೇಲೆ ನೀರಿನ ಸಮಸ್ಯೆ ಅರ್ಧ ತಾನಾಗಿಯೇ ಬಗೆಹರಿಯಿತು. ಮಂದ ಬೆಳಕಿನಲ್ಲಿ ಗಿಡ ನೀರು ಕುಡಿಯುವುದೇ ಕಡಿಮೆ. ಮಣ್ಣು ವಾರಗಟ್ಟಲೆ ಒದ್ದೆಯಾಗಿದ್ದು ಬೇರಿಗೆ ಆಮ್ಲಜನಕ ಸಿಗದೆ ಕೊಳೆಯುತ್ತದೆ. ಬೆರಳಿನಿಂದ ಒತ್ತಿ ನೋಡುವ ಪದ್ಧತಿಯನ್ನು ಚಳಿಗಾಲದಲ್ಲಿ ನಾನು ನಂಬುವುದಿಲ್ಲ. ಹೀಟರಿನ ಗಾಳಿಗೆ ಮೇಲಿನ ಒಂದಂಗುಲ ಮಣ್ಣು ಬಿರುಕು ಬಿಡುವಷ್ಟು ಒಣಗಿರುವಾಗಲೇ ತಳದವರೆಗೆ ಚುಚ್ಚಿದ ಬಿದಿರಿನ ಕಡ್ಡಿ ಕಪ್ಪು ಕೆಸರು ಮೆತ್ತಿಕೊಂಡು, ಹುಳಿ ವಾಸನೆಯೊಂದಿಗೆ ಹೊರಬಂದದ್ದುಂಟು. ಕುಂಡವನ್ನು ತಕ್ಕಡಿಯ ಮೇಲಿಡುವುದೇ ಲೇಸು: ನೀರುಣಿಸಿ ಬಸಿದ ಮೇಲಿನ ತೂಕ ಮತ್ತು ಒಣಗಿದಾಗಿನ ತೂಕ ಎರಡನ್ನೂ ಕುಂಡದ ಮೇಲೆಯೇ ಬರೆದಿದ್ದೇನೆ, ವ್ಯತ್ಯಾಸದ ಮೂರರಲ್ಲಿ ಎರಡು ಪಾಲು ಕಳೆದಾಗ ಮತ್ತೆ ನೀರು. ದೀಪಕ್ಕೆ ಮೊದಲು ಮೂರು ವಾರ ಹಿಡಿಯುತ್ತಿದ್ದ ಕುಂಡ ಈಗ ಹತ್ತು ದಿನಕ್ಕೆಲ್ಲ ಹಗುರಾಗುತ್ತದೆ. ಮಣ್ಣಿನ ಮಿಶ್ರಣದ ಪ್ರಮಾಣ ಕೇಳಬೇಡಿ. ನೀರು ಬೇಗ ಬಸಿಯಲೆಂದು ಬೆರೆಸುವ ಹಗುರ ಬಿಳಿ ಹರಳು, ಪರ್ಲೈಟ್, ನೀವು ಹಾಕುವುದಕ್ಕಿಂತ ಬಹಳ ಹೆಚ್ಚು ಎಂದಷ್ಟೇ ಹೇಳುತ್ತೇನೆ.

ಕಿಟಕಿಯ ಕಟ್ಟೆಯಲ್ಲೇ ಇಡುವವರಿಗೆ ಇನ್ನೊಂದು ತೊಡಕಿದೆ. ಕೋಣೆ 20 ಡಿಗ್ರಿ ಇದ್ದರೂ ಕಟ್ಟೆಯ ಮೇಲಿನ ಕುಂಡದ ಮಣ್ಣು 12ರ ಹತ್ತಿರವಿರುತ್ತದೆ, ತಣ್ಣನೆಯ ಬೇರು ನೀರೆಳೆಯಲಾರದೆ ಒದ್ದೆ ಮಣ್ಣಿನಲ್ಲೂ ಎಲೆ ಬಾಡುತ್ತದೆ, ಬಾಡಿತೆಂದು ಇನ್ನಷ್ಟು ನೀರು ಹಾಕಿದರೆ ಮುಗಿಯಿತು. ಎರಡು ಬೆರಳು ದಪ್ಪದ ಥರ್ಮೋಕೋಲ್ ತುಂಡು ಕುಂಡದಡಿ ಸಾಕು. ಬಿಸಿಮಾಡುವ ಚಾಪೆಯನ್ನೂ ಪ್ರಯೋಗಿಸಿದೆ. ಬೆಚ್ಚನೆಯ ಒದ್ದೆ ಮಣ್ಣಿನಲ್ಲಿ ಗಿಡಕ್ಕಿಂತ ಮೊದಲು ಮಣ್ಣಿನ ನೊಣಗಳು ಹುಲುಸಾದವು.

ಕ್ರಿಸ್‌ಮಸ್ ಕ್ಯಾಕ್ಟಸ್ ಮಾತ್ರ ಈ ದೀಪದಡಿ ಮೊಗ್ಗು ಬಿಡಲು ಒಪ್ಪಲಿಲ್ಲ, ಅದಕ್ಕೆ ದೀರ್ಘ ರಾತ್ರಿ ಬೇಕು. ಅದೇ ಗಿಡದ ತುಂಡೊಂದನ್ನು ಸಂಜೆಯ ನಂತರ ದೀಪ ಹಚ್ಚದ, ತಂಪಾದ ಕೋಣೆಯಲ್ಲಿಟ್ಟಿದ್ದೆ. ಅದರ ಪ್ರತಿ ತುದಿಯಲ್ಲೂ ಹೂವಾಯಿತು.

ಎಲೆಯ ರಸ ಹೀರುವ ಜೇಡನುಸಿಗೆ ಒಣ ಬೆಚ್ಚನೆಯ ಗಾಳಿ ಎಂದರೆ ಹಬ್ಬ. ವಾರಕ್ಕೊಮ್ಮೆ ಎಲೆಗಳ ತಳಭಾಗವನ್ನು ನೀರಿನಿಂದ ರಭಸವಾಗಿ ತೊಳೆಯುತ್ತೇನೆ. ಆ ನೀರಿಗೆ ಏನು ಬೆರೆಸುತ್ತೇನೆ ಎಂಬುದು ನನ್ನಲ್ಲೇ ಇರಲಿ, ಬೇವಿನೆಣ್ಣೆಯಂತೂ ಅಲ್ಲ.

ಅಡಿಯಾಂಟಮ್ ಜಾತಿಯ ನವಿರಾದ ಜರೀಗಿಡಗಳ ಮಟ್ಟಿಗೆ ಒಣಗಾಳಿಯನ್ನು ದೂರುವವರ ಮಾತೇ ನಿಜ, ಬೆಳಕೆಷ್ಟಿದ್ದರೂ ಅವುಗಳ ಅಂಚು ಸುಟ್ಟಂತೆ ಸುರುಟುತ್ತದೆ. ಅವನ್ನು ಹಳೆಯ ಮೀನಿನ ತೊಟ್ಟಿಯೊಳಗಿಟ್ಟು ಮೇಲೆ ಗಾಜು ಮುಚ್ಚಿ, ಅದೇ ದೀಪದ ಅಂಚಿಗೆ ಸರಿಸಿದ್ದೇನೆ.