ಐಸ್‌ಲ್ಯಾಂಡಿನ ಕೈಹೆಣಿಗೆ ಸ್ವೆಟರ್: ಹಳೆಯದನ್ನೇ ಹುಡುಕಿ ತಂದ ನನ್ನ ಅನುಭವ

ಐಸ್‌ಲ್ಯಾಂಡಿನಿಂದ ಲೋಪಪೇಯ್ಸ, ಅಂದರೆ ಅಲ್ಲಿನ ಉಣ್ಣೆ ಸ್ವೆಟರ್, ತರಬೇಕೆಂದರೆ ಹೊಸದನ್ನೇ ಕೊಳ್ಳಬೇಕು ಅಂತೇನಿಲ್ಲ. ಅಲ್ಲಿನವರು ಹಾಕಿ ಬಿಟ್ಟದ್ದನ್ನು ಕೊಂಡರೆ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಒಳ್ಳೆಯ ಕೈಹೆಣಿಗೆ ಸಿಗುತ್ತದೆ. ಹೊರಡುವ ಮೊದಲು ಇದನ್ನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಯಾರೋ ಹಾಕಿದ್ದು, ವಾಸನೆ ಬರುತ್ತೆ" ಅಂದರು. "ಚುಚ್ಚುತ್ತೆ, ಒಂದು ಸಲ ಹಾಕಿ ಬೀರುವಿಗೆ ಸೇರಿಸ್ತೀಯ" ಅಂದರು. ಆ ಸ್ವೆಟರ್ ಆಮೇಲೆ ಚಳಿಗಾಲ ಬಂದಾಗಲೆಲ್ಲ ನನ್ನ ಮೈಮೇಲೇ ಇದೆ. ಹಾಗೆ ಅಂದವರೇ ಈಗ ಎಲ್ಲಿ ಹುಡುಕಬೇಕು ಅಂತ ಕೇಳುತ್ತಿದ್ದಾರೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ರಾಜಧಾನಿ ರೇಕ್ಯಾವಿಕ್‌ನ ಮುಖ್ಯ ಬೀದಿಯಲ್ಲಿ ಪ್ರವಾಸಿಗರ ಅಂಗಡಿಗಳು ಸಾಲಾಗಿವೆ. ಕಿಟಕಿಯಲ್ಲಿ ನೋಡಿದರೆ ಎಲ್ಲವೂ ಒಂದೇ ಥರ: ಕತ್ತಿನ ಸುತ್ತ ಉಂಗುರದಂತೆ ವಿನ್ಯಾಸ, ಬಿಳಿ, ಬೂದು, ಕಂದು. ಒಳಗೆ ತಿರುಗಿಸಿದರೆ ಪಕ್ಕಗಳಲ್ಲಿ ಉದ್ದಕ್ಕೆ ಹೊಲಿಗೆ. ಯಂತ್ರದ ಮಾಲು. ಕೆಲವು ಕೈಹೆಣಿಗೆಯೇ, ಆದರೆ ಉಣ್ಣೆ ಮಾತ್ರ ಐಸ್‌ಲ್ಯಾಂಡಿನದು, ಹೆಣೆದದ್ದು ಬೇರೆ ದೇಶದಲ್ಲಿ. ಚೀಟಿಯಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ. ಈ ಗೊಂದಲದಿಂದಾಗಿಯೇ 2020ರಲ್ಲಿ 'ಇಸ್ಲೆನ್ಸ್ಕ್ ಲೋಪಪೇಯ್ಸ' ಅನ್ನುವ ಹೆಸರಿಗೆ ಅಲ್ಲಿ ಕಾನೂನಿನ ರಕ್ಷಣೆ ಕೊಟ್ಟರು. ಆ ಹೆಸರು ಹಾಕಬೇಕಾದರೆ ಐಸ್‌ಲ್ಯಾಂಡ್ ಕುರಿಯ ಉಣ್ಣೆಯೇ ಆಗಿರಬೇಕು, ಆ ದೇಶದಲ್ಲೇ ಕೈಯಲ್ಲಿ ಹೆಣೆದಿರಬೇಕು.

ಆರ್ಡರ್ ಕೊಟ್ಟು ಅಳತೆಗೆ ಹೆಣೆಸುವ ಯೋಚನೆಯೂ ಇತ್ತು. ಒಬ್ಬ ಹೆಂಗಸು ಸಂತೋಷದಿಂದ ಒಪ್ಪಿದರು. ಆದರೆ ವಾರಗಟ್ಟಲೆ ಕಾಯಬೇಕು, ಮೇಲೆ ಅಂಚೆ ಖರ್ಚು, ಇಲ್ಲಿ ಬಂದಿಳಿದಾಗ ಸುಂಕ. ಲೆಕ್ಕ ಹಾಕಿದಾಗ ಬೆಲೆ ಒಂದೂವರೆ ಪಟ್ಟು ದಾಟಿತು. ಅಲ್ಲಿಗೆ ಅದನ್ನು ಬಿಟ್ಟೆ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಹೆಣಿಗೆಯವರ ಸಂಘದ ಅಂಗಡಿ. 1977ರಲ್ಲಿ ಹೆಣೆಯುವವರೇ ಸೇರಿ ಕಟ್ಟಿದ ಸಂಘ ಅದು, ಅಂಗಡಿ ಸ್ಕೋಲವೋರ್ದುಸ್ತೀಗುರ್ ಬೀದಿಯಲ್ಲಿದೆ. ನಾನು ಹೋದಾಗ ಹೊಸದಕ್ಕೆ ಸುಮಾರು 30 ಸಾವಿರ ಕ್ರೋನಾ ಇತ್ತು. ನಮ್ಮ ದುಡ್ಡಲ್ಲಿ ಹತ್ತೊಂಬತ್ತು, ಇಪ್ಪತ್ತು ಸಾವಿರ. ಆ ಕೆಲಸಕ್ಕೆ ಅದು ನ್ಯಾಯವಾದ ಬೆಲೆಯೇ, ನನ್ನ ಜೇಬಿಗೆ ಜಾಸ್ತಿ ಅಷ್ಟೇ. ಹಾಗಂತ ಕೂಡಲೇ ಹೊರಡಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಅಲ್ಲಿ ಕಳೆದೆ. ಕೇಳಿಕೊಂಡು ಒಂದೊಂದನ್ನೇ ಒಳಮಗ್ಗುಲು ತಿರುಗಿಸಿ ನೋಡಿದೆ. ಒಳ್ಳೆಯದು ಹೇಗಿರುತ್ತದೆ ಅಂತ ಕೈಗೆ ಗೊತ್ತಾದ ಮೇಲೆ ಹಳೆಯದರ ಬೇಟೆ ಸುಲಭವಾಯಿತು.

ಬೇಟೆ ನಡೆದದ್ದು ಎರಡು ಕಡೆ. ಬಂದರಿನ ಹತ್ತಿರ ಶನಿವಾರ, ಭಾನುವಾರ ನಡೆಯುತ್ತಿದ್ದ ಕೋಲಪೋರ್ತಿದ್ ಸಂತೆ ಒಂದು. ರೆಡ್ ಕ್ರಾಸ್‌ನವರ ಹಳೆ ಬಟ್ಟೆ ಅಂಗಡಿಗಳು ಇನ್ನೊಂದು. ಮೊದಲ ಸುತ್ತು ಸುಮ್ನೆ ದಂಡ. ಚೆಂದ ಇದ್ದವು ಸಣ್ಣ ಅಳತೆ, ದೊಡ್ಡವಕ್ಕೆ ಮೊಣಕೈ ಸವೆದಿತ್ತು. ಒಂದಂತೂ ಯಾರೋ ಬಿಸಿನೀರಲ್ಲಿ ಒಗೆದು ಕಂಬಳಿಯಂತೆ ಗಟ್ಟಿಯಾಗಿತ್ತು. ಸಂತೆಗೆ ಯಾವ ಹೊತ್ತಿಗೆ ಹೋಗಬೇಕು, ಬೆಲೆ ಹೇಗೆ ಕೇಳಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ನಾನು ನೋಡಿದ್ದು ಇಷ್ಟು. ಮೈಯಲ್ಲಿ, ತೋಳಲ್ಲಿ ಉದ್ದನೆಯ ಹೊಲಿಗೆ ಇರಬಾರದು, ಸುತ್ತು ಕಡ್ಡಿಯಲ್ಲಿ ಕೊಳವೆಯಂತೆ ಹೆಣೆದದ್ದಕ್ಕೆ ಅದು ಬೇಕಾಗುವುದೇ ಇಲ್ಲ. ಕಂಕುಳಲ್ಲಿ ಮಾತ್ರ ಚಿಕ್ಕ ಜೋಡಣೆ ಇರುತ್ತದೆ, ಅದರ ಮೂಲೆಗಳಲ್ಲಿ ತೂತು ಬಿದ್ದಿದೆಯಾ ಅಂತ ಬೆರಳಿಟ್ಟು ನೋಡಬೇಕು. ವಿನ್ಯಾಸದ ಹಿಂದೆ ಓಡುವ ಎಳೆಗಳು ಬಿಗಿಯಾಗಿದ್ದರೆ ಭುಜ ಸೆಳೆಯುತ್ತದೆ. ತೂಕವೂ ಮುಖ್ಯ. ಆಲಫೋಸ್‌ಲೋಪಿ ದಪ್ಪ ನೂಲು, 100 ಗ್ರಾಂ ಉಂಡೆಯಲ್ಲಿ 100 ಮೀಟರ್. ಲೆಟ್‌ಲೋಪಿಯಲ್ಲಿ ಅಷ್ಟೇ ಉದ್ದಕ್ಕೆ 50 ಗ್ರಾಂ. ನಮ್ಮಂಥವರಿಗೆ ಲೆಟ್‌ಲೋಪಿಯೇ ಸರಿ, ದಪ್ಪದ್ದು ಹಾಕಿಕೊಂಡರೆ ಮನೆಯೊಳಗೆ ಬೆವರು.

ಕೊನೆಗೆ ಸಿಕ್ಕಿದ್ದು ಬೂದು ಬಣ್ಣದ್ದು, ಕತ್ತಿನ ಸುತ್ತ ಬಿಳಿ, ಕಪ್ಪು ವಿನ್ಯಾಸ. 11 ಸಾವಿರ ಕ್ರೋನಾ ಕೊಟ್ಟ ನೆನಪು, ಅಂದರೆ ಏಳು ಸಾವಿರ ರೂಪಾಯಿ ಚಿಲ್ಲರೆ. ಹೊಸದಾಗಿದ್ದರೆ ವಿಮಾನ ನಿಲ್ದಾಣದಲ್ಲಿ ತೆರಿಗೆ ವಾಪಸ್ ಬರುತ್ತಿತ್ತು ಅಲ್ವಾ ಅಂತ ಒಬ್ಬರು ವಾದಿಸಿದರು. ಅಲ್ಲಿ ತೆರಿಗೆ 24 ಶೇಕಡಾ ಇದ್ದರೂ ಕಳೆದು ಕೂಡಿಸಿ ಕೈಗೆ ಬರುವುದು ಬೆಲೆಯ 14 ಶೇಕಡಾ ಆಸುಪಾಸು. 30 ಸಾವಿರಕ್ಕೆ ನಾಲ್ಕು ಸಾವಿರ ಚಿಲ್ಲರೆ. ಆಗಲೂ ನನ್ನದೇ ಅಗ್ಗ.

ವಾಸನೆ ದೊಡ್ಡ ವಿಷಯವೇ ಆಗಲಿಲ್ಲ. ಕೆಲವು ರಾತ್ರಿ ಗಾಳಿಗೆ ಹರಡಿಟ್ಟೆ, ಅರ್ಧ ಹೋಯಿತು. ಉಗುರುಬೆಚ್ಚಗಿನ ನೀರಲ್ಲಿ ಉಣ್ಣೆ ಸೋಪು ಹಾಕಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿದೆ, ಉಳಿದದ್ದೂ ಹೋಯಿತು. ನುಸಿಯ ಭಯಕ್ಕೆ ಊರಿಗೆ ಬಂದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರ್‌ನಲ್ಲಿ ಒಂದು ವಾರ ಇಟ್ಟೆ.

ಚುಚ್ಚುವುದು ಬೇರೆ ಸಮಸ್ಯೆ. ಐಸ್‌ಲ್ಯಾಂಡ್ ಕುರಿಗೆ ಎರಡು ಪದರ ಉಣ್ಣೆ. ಹೊರಗಿನ ಉದ್ದ ಕೂದಲು ಟೋಗ್ ನೀರು ತಡೆಯುತ್ತದೆ, ಒಳಗಿನ ನವಿರು ಥೆಲ್ ಬೆಚ್ಚಗಿಡುತ್ತದೆ. ಚುಚ್ಚುವುದು ಟೋಗ್. ತಲೆಕೂದಲಿಗೆ ಹಚ್ಚುವ ಕಂಡೀಷನರ್‌ನಲ್ಲಿ ಒಂದು ತೋಳಿನ ಅಂಚನ್ನು ಮಾತ್ರ ನೆನೆಸಿ ನೋಡಿದೆ. ಮೃದುವಾಯಿತು, ಎರಡು ಸಲ ಒಗೆದ ಮೇಲೆ ಮತ್ತೆ ಹಳೆಯ ಥರ. ಕತ್ತಿನ ಒಳಗೆ ತೆಳು ಹತ್ತಿಬಟ್ಟೆಯ ಪಟ್ಟಿ ಹೊಲಿದದ್ದೇ ನಿಂತ ಪರಿಹಾರ. ಆ ಪಟ್ಟಿಯನ್ನು ಹೇಗೆ ಕತ್ತರಿಸಿದರೆ ಕತ್ತು ಹಿಗ್ಗುತ್ತದೆ ಅನ್ನುವುದು ಹೊಲಿಯುವವರಿಗೆ ತಾನಾಗಿ ಹೊಳೆಯುತ್ತದೆ.

ನೀರು ತಡೆಯುತ್ತದೆ ಅನ್ನುವುದನ್ನೂ ಪರೀಕ್ಷಿಸಿದೆ. ಜಿನುಗು ಮಳೆಯಲ್ಲಿ ಸುಮಾರು ಒಂದು ಗಂಟೆ ನಡೆದೆ. ಹನಿಗಳು ಕೂದಲ ತುದಿಯಲ್ಲೇ ನಿಂತವು, ಒಳಗಿನ ಅಂಗಿ ಒಣಗಿತ್ತು. ಜೋರು ಮಳೆಗೆ ಇದು ಆಗುವುದಿಲ್ಲ, ಮೇಲೊಂದು ಜಾಕೆಟ್ ಬೇಕು.

ಬರುವಾಗ ಅದೇ ಬೂದು ಬಣ್ಣದ ಲೆಟ್‌ಲೋಪಿ ಉಂಡೆ ಒಂದನ್ನು ಕೊಂಡು ತಂದಿದ್ದೆ. ಕಳೆದ ವರ್ಷ ಮೊಣಕೈ ತೆಳುವಾದಾಗ ಅದರಿಂದಲೇ ರಫು ಮಾಡಿದೆ. ಬಣ್ಣ ಪೂರ್ತಿ ಹೊಂದಲಿಲ್ಲ, ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ. ಉಂಡೆಯಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿದೆ.